ಇಪ್ಪತ್ತಾರು ನಿಮಿಷಕ್ಕೊಮ್ಮೆ ಕೂಡುತ್ತಿದ್ದ ಎರಡು ಸಿಗ್ನಲ್

ನನ್ನ ಯುಪಿಎಸ್ ರಿಪೇರಿ ಅಂಗಡಿ ಇರುವುದು ಒಂದನೇ ಮಹಡಿಯಲ್ಲಿ. ಕಿಟಕಿ ತೆಗೆದರೆ ನೇರ ಕೆಳಗೆ ಸಿಗ್ನಲ್. ದಕ್ಷಿಣ ಬೆಂಗಳೂರು ಅಂತಷ್ಟೇ ಹೇಳುತ್ತೇನೆ, ಜಂಕ್ಷನ್ ಹೆಸರು ಬೇಡ, ಸಹಾಯ ಮಾಡಿದವರಿಗೆ ನನ್ನಿಂದ ತಲೆನೋವು ಆಗಬಾರದು. ಇಲ್ಲಿಂದ 420 ಮೀಟರ್ ಮೇಲೆ ಇನ್ನೊಂದು ಸಿಗ್ನಲ್ ಇದೆ. ಬೆಳಿಗ್ಗೆ ಮನೆಯಿಂದ ಬರುವಾಗ ಮೇಲಿನದನ್ನು ದಾಟಿ ಕೆಳಗಿನದಕ್ಕೆ ಬರಬೇಕು. ಕೆಲವು ದಿನ ಎರಡೂ ಬಿಟ್ಟಿರುತ್ತೆ, ಕಾಲು ನೆಲಕ್ಕೆ ಇಡದೆ ಅಂಗಡಿ ಮುಂದೆ ಬಂದು ಸ್ಕೂಟರ್ ನಿಲ್ಲಿಸುತ್ತೇನೆ. ಇನ್ನು ಕೆಲವು ದಿನ ಮೇಲೆ ಒಂದೂವರೆ ನಿಮಿಷ ನಿಂತು, ಬಿಟ್ಟ ಮೇಲೆ ಎಲ್ಲರ ಜೊತೆ ದಡದಡ ಇಳಿದು ಬಂದರೆ, ಇನ್ನೇನು ಗೆರೆ ದಾಟಬೇಕು ಅನ್ನುವಾಗ ಕೆಳಗಿನದು ಕೆಂಪಾಗುತ್ತೆ, ನಮಗೇ ಕಾದು ಕೂತಿದ್ದ ಹಾಗೆ. ಹತ್ತು ವರ್ಷ ಇದನ್ನು ಹಣೆಬರಹ ಅಂದುಕೊಂಡಿದ್ದೆ.

ಹಣೆಬರಹ ಅಲ್ಲ. ಲ.ಸಾ.ಅ., ಶಾಲೆಯಲ್ಲಿ ಕಲಿತ ಲಘುತಮ ಸಾಮಾನ್ಯ ಅಪವರ್ತ್ಯ. ಅದನ್ನು ಕಂಡುಹಿಡಿದದ್ದು, ಸಿಗ್ನಲ್ ಸಮಯ ದಾಖಲಿಸುವ ಡಬ್ಬಿ ಮಾಡಿದ್ದು, ಕೊನೆಗೆ ರಸ್ತೆಯಲ್ಲಿ ಏನಾಯಿತು ಅನ್ನುವುದು, ಇಷ್ಟನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಎರಡು ಡಬ್ಬಿಗೆ ಒಟ್ಟು ಖರ್ಚು ಸುಮಾರು 2,400 ರೂಪಾಯಿ. ಕಾಫಿ ಖರ್ಚು ಬೇರೆ.

ಶುರುವಾಗಿದ್ದು ಒಂದು ಕರೆಂಟ್ ಇಲ್ಲದ ಮಧ್ಯಾಹ್ನ. ರಿಪೇರಿ ಕೆಲಸ ನಿಂತಿತ್ತು, ಸುಮ್ನೆ ಕಿಟಕಿ ಹತ್ತಿರ ಕೂತು ಫೋನಿನ ಸ್ಟಾಪ್‌ವಾಚ್ ಹಿಡಿದು ಕೆಳಗಿನ ಸಿಗ್ನಲ್ ಅಳೆದೆ. ಒಂದು ಹಸಿರಿನಿಂದ ಅದೇ ಕಡೆಯ ಮುಂದಿನ ಹಸಿರಿನವರೆಗೆ 120 ಸೆಕೆಂಡ್. ಮತ್ತೆ ಅಳೆದರೂ 120. ಹತ್ತು ಸಲ ಅಳೆದರೂ ಅಷ್ಟೇ. ಅಂದರೆ ಇದು ಹಳೇ ಕಾಲದ ಫಿಕ್ಸೆಡ್ ಟೈಮ್ ಸಿಗ್ನಲ್, ರಸ್ತೆಯಲ್ಲಿ ಯಾರಿದ್ದಾರೆ ಅಂತ ಅದಕ್ಕೆ ಗೊತ್ತಿಲ್ಲ. ಬೆಂಗಳೂರಿನ 165 ಜಂಕ್ಷನ್‌ಗಳನ್ನು ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್‌ನವರ ಕೋಸಿಕಾಸ್ಟ್ ಅನ್ನುವ ವ್ಯವಸ್ಥೆಗೆ ಸೇರಿಸುವ ಯೋಜನೆ ಬಂತು, ಅದರಲ್ಲಿ ಕ್ಯಾಮೆರಾ ನೋಡಿಕೊಂಡು ಸಿಗ್ನಲ್ ತಾನೇ ಸಮಯ ಬದಲಿಸಿಕೊಳ್ಳುತ್ತೆ. ನಮ್ಮ ಎರಡಕ್ಕೂ ಆ ಯೋಗ ಬಂದಿಲ್ಲ. ಸಂಜೆ ಮನೆಗೆ ಹೋಗುವಾಗ ಮೇಲಿನದನ್ನೂ ಅಳೆದೆ. 130.

ಆಗ ಇದರ ಅರ್ಥ ಹೊಳೆಯಲಿಲ್ಲ. ಹತ್ತು ಸೆಕೆಂಡ್ ವ್ಯತ್ಯಾಸ, ಏನು ಮಹಾ ಅನ್ನಿಸಿತು.

ಡಬ್ಬಿ

ಎರಡು ಸಿಗ್ನಲ್ ಒಂದಕ್ಕೊಂದು ಹೇಗೆ ನಡೆಯುತ್ತವೆ ಅಂತ ನೋಡಬೇಕಾದರೆ ಎರಡು ಕಡೆಯೂ ಒಂದೇ ಗಡಿಯಾರ ಬೇಕು. ನಿಜ ಹೇಳಬೇಕೆಂದರೆ ಇಬ್ಬರು ಮನುಷ್ಯರು, ಎರಡು ಫೋನ್ ಇದ್ದರೆ ಸಾಕು, ನೆಟ್‌ವರ್ಕ್‌ನಿಂದ ಫೋನುಗಳ ಟೈಮ್ ಸರಿಯಾಗಿಯೇ ಇರುತ್ತೆ. ನೀವು ಮಾಡುವುದಾದರೆ ಹಾಗೇ ಮಾಡಿ. ನನಗೆ ಡಬ್ಬಿ ಮಾಡುವ ಹುಚ್ಚು, ಜೊತೆಗೆ ವಾರಗಟ್ಟಲೆ ಯಾರೂ ಕೂರದೆ ದಾಖಲೆ ಆಗಬೇಕಿತ್ತು.

ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಎಸ್.ಪಿ. ರೋಡಿಗೆ ಹೋಗಿ ಎರಡು ಇಎಸ್‌ಪಿ32 ಬೋರ್ಡ್ (ಪ್ರೋಗ್ರಾಂ ಓಡಿಸುವ ಪುಟ್ಟ ಕಂಪ್ಯೂಟರ್), ಎರಡು ಡಿಎಸ್3231 ಗಡಿಯಾರದ ಮಾಡ್ಯೂಲ್, ಎಸ್‌ಡಿ ಕಾರ್ಡ್ ಹಾಕುವ ಮಾಡ್ಯೂಲ್, ಒಂದು ಹಿಡಿ ಎಲ್‌ಡಿಆರ್ ತಂದೆ. ಎಲ್‌ಡಿಆರ್ ಅಂದರೆ ಬೆಳಕು ಬಿದ್ದರೆ ರೆಸಿಸ್ಟೆನ್ಸ್ ಇಳಿಯುವ ಪುಟ್ಟ ಬಿಲ್ಲೆ, ಒಂದೊಂದು ಕೆಲವೇ ರೂಪಾಯಿ. ಅದನ್ನು ಒಂದು ಅಡಿ ಉದ್ದದ ಪಿವಿಸಿ ಪೈಪಿನ ಹಿಂದಿನ ತುದಿಗೆ ಕೂರಿಸಿ, ಪೈಪಿನ ಒಳಗೆ ಕಪ್ಪು ಬಣ್ಣ ಬಳಿದು, ಮುಂದಿನ ತುದಿಗೆ ಕೆಂಪು ಜಿಲೆಟಿನ್ ಪೇಪರ್ ಅಂಟಿಸಿದೆ. ಪೈಪನ್ನು ಬಂದೂಕದ ಹಾಗೆ ಸಿಗ್ನಲ್ಲಿನ ಕೆಂಪು ದೀಪಕ್ಕೆ ಗುರಿ ಇಟ್ಟರೆ ಕೆಂಪು ಹತ್ತಿದಾಗ ಒಂದು ಅಂಕಿ, ಆರಿದಾಗ ಇನ್ನೊಂದು. ಕಾರ್ಡಿನಲ್ಲಿ ಸಮಯದ ಜೊತೆ ಬರೆಯುತ್ತೆ. ಅಷ್ಟೇ ಯಂತ್ರ.

ಅಷ್ಟೇ ಅಂದೆ, ಆದರೆ ಮೂರು ವಾರ ತಿಂದಿತು.

ಮೊದಲನೆಯದು ಗಡಿಯಾರದ ಮಾಡ್ಯೂಲ್. ಸಾಮಾನ್ಯವಾಗಿ ಸಿಗುವ ಡಿಎಸ್3231 ಮಾಡ್ಯೂಲಿನಲ್ಲಿ ಸೆಲ್ಲನ್ನು ಚಾರ್ಜ್ ಮಾಡುವ ಒಂದು ಸಣ್ಣ ಸರ್ಕ್ಯೂಟ್ ಇರುತ್ತೆ, ಅದು ರೀಚಾರ್ಜ್ ಆಗುವ ಸೆಲ್ಲಿಗೆ ಮಾಡಿದ್ದು. ನಾವು ಹಾಕುವುದು ಕಿರಾಣಿ ಅಂಗಡಿಯಲ್ಲೂ ಸಿಗುವ ಸಿಆರ್2032, ಅದು ಚಾರ್ಜ್ ಆಗುವಂಥದ್ದಲ್ಲ. 5 ವೋಲ್ಟ್ ಕೊಟ್ಟರೆ ಅದು ಉಬ್ಬಬಹುದು. ಸೋಲ್ಡರಿಂಗ್ ಕಡ್ಡಿ ಹಿಡಿದು ಚಾರ್ಜಿಂಗ್ ರೆಸಿಸ್ಟರನ್ನು ಕಿತ್ತು ಹಾಕಿದರೆ ಮುಗೀತು. ಇದನ್ನು ಮಾಡದೆ ಯಾರೂ ಮುಚ್ಚಿದ ಡಬ್ಬಿಯಲ್ಲಿಟ್ಟು ಮರೆಯಬೇಡಿ.

ಎರಡನೆಯದು ಪವರ್ ಬ್ಯಾಂಕ್. ಮೇಲಿನ ಸಿಗ್ನಲ್ ಎದುರು ಪರಿಚಯದವರ ಕಾಂಡಿಮೆಂಟ್ಸ್ ಅಂಗಡಿ ಇದೆ, ಅವರ ಬೋರ್ಡಿನ ಹಿಂದೆ ಡಬ್ಬಿ ಕಟ್ಟಲು ಒಪ್ಪಿದರು. ರಾತ್ರಿ ಅವರು ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತಾರೆ, ಹಾಗಾಗಿ ಪವರ್ ಬ್ಯಾಂಕ್ ಇಟ್ಟೆ. ಮರುದಿನ ನೋಡಿದರೆ ಕಾರ್ಡಿನಲ್ಲಿ ಒಂದು ನಿಮಿಷದ ದಾಖಲೆಯೂ ಇಲ್ಲ. ಡಬ್ಬಿ ಎಳೆಯುವ ಕರೆಂಟ್ ತೀರಾ ಕಡಿಮೆ, ಪವರ್ ಬ್ಯಾಂಕ್ "ಫೋನ್ ತೆಗೆದರು" ಅಂದುಕೊಂಡು ತಾನೇ ಮಲಗಿಬಿಡುತ್ತೆ. ಅದಕ್ಕೆ 47 ಓಮಿನ ರೆಸಿಸ್ಟರ್ ಹಾಕಿ ಸುಮ್ಮನೆ ನೂರು ಮಿಲಿ ಆಂಪ್ ಸುಡಿಸಿದೆ. ಬಿಸಿಯಾಯಿತು. ಎರಡು ದಿನ ಅದರ ಜೊತೆ ಗುದ್ದಾಡಿದ ಮೇಲೆ ತಿರುಗಿ ನೋಡುತ್ತೇನೆ, ನನ್ನ ಬೆನ್ನ ಹಿಂದೆಯೇ ಯುಪಿಎಸ್‌ಗಳಿಂದ ತೆಗೆದ ಹಳೇ 12 ವೋಲ್ಟ್ 7 ಎಎಚ್ ಬ್ಯಾಟರಿಗಳ ರಾಶಿ. ರಿಪೇರಿಯವನ ಬುದ್ಧಿ ನೋಡಿ. ವೋಲ್ಟ್ ಇಳಿಸುವ ಒಂದು ಬಕ್ ಕನ್ವರ್ಟರ್ ಸೇರಿಸಿದೆ, ಅರ್ಧ ಸತ್ತ ಬ್ಯಾಟರಿಯೂ ನಾಲ್ಕು ದಿನ ಎಳೆಯಿತು.

ಮೂರನೆಯದು ಬಿಸಿಲು. ನನ್ನ ಕಿಟಕಿ ಪಶ್ಚಿಮಕ್ಕಿದೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಡಬ್ಬಿಗೆ ಎಲ್ಲವೂ ಕೆಂಪೇ. ಇಷ್ಟು ಅಂಕಿ ದಾಟಿದರೆ ಕೆಂಪು ಅಂತ ಗಟ್ಟಿಯಾಗಿ ಬರೆದಿದ್ದೆ, ಅದು ತಪ್ಪು. ಹಿಂದಿನ ಐದು ನಿಮಿಷದ ಸರಾಸರಿಗೆ ಹೋಲಿಸಿ ಏರಿದರೆ ಕೆಂಪು, ಇಳಿದರೆ ಅಲ್ಲ ಅಂತ ಬದಲಿಸಿದ ಮೇಲೆ ಬಹಳಷ್ಟು ಸರಿಹೋಯಿತು. ಬಸ್ಸು ಅಡ್ಡ ಬಂದರೆ ಏನು ಅಂತ ಕೇಳಬಹುದು. ರಸ್ತೆ ಪಕ್ಕದ ಕಂಬ ಬಿಟ್ಟು ರಸ್ತೆ ಮೇಲೆ ಚಾಚಿಕೊಂಡ ಕಂಬದ ದೀಪಕ್ಕೆ ಗುರಿ ಇಟ್ಟೆ, ಅಷ್ಟು ಎತ್ತರಕ್ಕೆ ಬಸ್ಸು ಬರುವುದಿಲ್ಲ.

ಎರಡೂ ಡಬ್ಬಿಯ ಗಡಿಯಾರವನ್ನು ಅಂಗಡಿಯ ವೈಫೈನಿಂದ ಒಟ್ಟಿಗೆ ಹೊಂದಿಸಿ ಆಮೇಲೆ ಒಂದನ್ನು ಮೇಲೆ ಒಯ್ದೆ. ಡಿಎಸ್3231 ಹತ್ತು ಲಕ್ಷ ಸೆಕೆಂಡಿಗೆ ಹೆಚ್ಚೆಂದರೆ ಎರಡು ಸೆಕೆಂಡ್ ತಪ್ಪುತ್ತೆ, ದಿನಕ್ಕೆ 0.17 ಸೆಕೆಂಡ್. ನಮ್ಮ ಕೆಲಸಕ್ಕೆ ಧಾರಾಳ.

ಒಂದು ಮಾತು. ಸಿಗ್ನಲ್ ಕಂಬದ ಪಕ್ಕದ ಪೆಟ್ಟಿಗೆಯನ್ನು ನಾವು ಮುಟ್ಟುವ ಹಾಗಿಲ್ಲ. ಒಳಗೆ 230 ವೋಲ್ಟ್ ಇದೆ, ಕಾನೂನೂ ಇದೆ, ಒಂದು ವೈರ್ ಆಚೀಚೆ ಆದರೆ ಎರಡು ಕಡೆ ಹಸಿರು ಹತ್ತಿ ಯಾರದೋ ಜೀವ ಹೋಗುತ್ತೆ. ನಾನು ಮಾಡಿದ್ದೆಲ್ಲ ದೂರದಿಂದ ನೋಡುವ ಕೆಲಸ.

ಕಾಗದದ ಮೇಲೆ ಕಂಡದ್ದು

ವಾರದ ದಾಖಲೆ ತೆಗೆದು ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿದೆ. ಮೇಲೆ ಹಸಿರು ಬಿಟ್ಟ ಎಷ್ಟು ಸೆಕೆಂಡಿಗೆ ಕೆಳಗೆ ಹಸಿರು ಬರುತ್ತೆ ಅಂತ. ಮೊದಲ ಸುತ್ತಲ್ಲಿ 50, ಆಮೇಲೆ 40, 30, 20, ಹೀಗೆ ಮೆಟ್ಟಿಲಿಳಿದ ಹಾಗೆ ಹೋಗಿ ಮತ್ತೆ ಮೊದಲಿಂದ. ಅಕ್ಕನ ಮಗಳು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ, ಅವತ್ತು ಅಂಗಡಿಗೆ ಬಂದಿದ್ದಳು. ಹಾಳೆ ನೋಡಿ, "ಮಾಮ, ಇದು ಎಲ್‌ಸಿಎಂ ಅಲ್ವಾ, ಐದನೇ ಕ್ಲಾಸಿನ ಲೆಕ್ಕ" ಅಂದಳು.

ಹೌದು. 120 ಮತ್ತು 130ರ ಲ.ಸಾ.ಅ. 1,560. ಅಂದರೆ 26 ನಿಮಿಷ. ಒಬ್ಬ ಆದಿತಾಳ ಹಾಕುತ್ತಿದ್ದಾನೆ, ಪಕ್ಕದವನು ರೂಪಕ. ಇಬ್ಬರ ತಾಳವೂ ಸರಿಯೇ, ಆದರೆ 24 ಅಕ್ಷರಕ್ಕೊಮ್ಮೆ ಮಾತ್ರ ಇಬ್ಬರ ಮೊದಲ ಪೆಟ್ಟು ಒಟ್ಟಿಗೆ ಬೀಳುತ್ತೆ. ನಮ್ಮ ಸಿಗ್ನಲ್‌ಗಳೂ ಹಾಗೇ. 26 ನಿಮಿಷದಲ್ಲಿ ಮೇಲಿನದು 12 ಸಲ ಬಿಡುತ್ತೆ, ಪ್ರತಿ ಸಲವೂ ಕೆಳಗಿನದು ಬೇರೆ ಬೇರೆ ಜಾಗದಲ್ಲಿರುತ್ತೆ. ಕೆಳಗೆ ಮುಖ್ಯ ರಸ್ತೆಗೆ 120ರಲ್ಲಿ 50 ಸೆಕೆಂಡ್ ಹಸಿರು. ಲೆಕ್ಕ ಹಾಕಿದರೆ 12ರಲ್ಲಿ 5 ಗುಂಪಿನ ಮುಂದಿನವರಿಗೆ ಹಸಿರು ಸಿಗುತ್ತೆ, 7 ಗುಂಪು ಬ್ರೇಕ್ ಹಾಕುತ್ತೆ. ಹತ್ತು ವರ್ಷ ನಾನು ಬೈದದ್ದು ಈ ಏಳನ್ನು.

ಯಾರದ್ದೂ ದೊಡ್ಡ ತಪ್ಪಲ್ಲ ಇದು. ಯಾವುದೋ ಕಾಲದಲ್ಲಿ ಮೇಲಿನ ಜಂಕ್ಷನ್‌ಗೆ ಒಬ್ಬರು ಲೆಕ್ಕ ಹಾಕಿ 130 ಇಟ್ಟರು, ಕೆಳಗಿನದಕ್ಕೆ ಇನ್ನೊಬ್ಬರು 120 ಇಟ್ಟರು. ಒಂದೊಂದಾಗಿ ನೋಡಿದರೆ ಎರಡೂ ಸರಿ.

ಎಣಿಕೆ

ಹಾಗಾದರೆ ಎರಡನ್ನೂ ಒಂದೇ ಸುತ್ತಿಗೆ ತಂದರೆ ಆಯಿತಲ್ಲ, ಎಷ್ಟಕ್ಕೆ ತರುವುದು? ಇಲ್ಲಿ ಅಕ್ಕನ ಮಗಳ ಪುಸ್ತಕ ಕೆಲಸಕ್ಕೆ ಬಂತು. ಬ್ರಿಟನ್ನಿನ ವೆಬ್‌ಸ್ಟರ್ ಅನ್ನುವವರು 1958ರಲ್ಲಿ ಕೊಟ್ಟ ಸೂತ್ರವನ್ನು ಇವತ್ತಿಗೂ ಕಾಲೇಜಿನಲ್ಲಿ ಕಲಿಸುತ್ತಾರೆ. ಒಂದು ಸುತ್ತಿನಲ್ಲಿ, ಒಂದು ಕಡೆಯವರು ನಿಂತು ಇನ್ನೊಂದು ಕಡೆಯವರು ಹೊರಡುವ ನಡುವೆ ವ್ಯರ್ಥವಾಗುವ ಸೆಕೆಂಡುಗಳನ್ನು ಒಂದೂವರೆಯಿಂದ ಗುಣಿಸಿ 5 ಕೂಡಿಸಬೇಕು. ಆಮೇಲೆ 1ರಿಂದ ರಸ್ತೆಗಳ ಒಟ್ಟು ಭಾರವನ್ನು ಕಳೆದು, ಬಂದದ್ದರಿಂದ ಭಾಗಿಸಬೇಕು. ಭಾರ ಅಂದರೆ, ಪ್ರತಿ ಸರದಿಯಲ್ಲಿ ಬರುವ ವಾಹನ, ಪೂರ್ತಿ ಹರಿವಿನಲ್ಲಿ ಹೋಗಬಹುದಾದ ವಾಹನದ ಎಷ್ಟು ಪಾಲು ಅನ್ನುವುದು. ಎಲ್ಲ ಸರದಿಗಳದ್ದನ್ನೂ ಕೂಡಿಸಿಕೊಳ್ಳಬೇಕು.

ಪೂರ್ತಿ ಹರಿವಿಗೆ ಐದೂವರೆ ಮೀಟರಿಗಿಂತ ಅಗಲದ ರಸ್ತೆಗೆ ಮೀಟರಿಗೆ ಗಂಟೆಗೆ 525 ಕಾರು ಅಂತ ಲೆಕ್ಕ. ನಮ್ಮಲ್ಲಿ ಬರೀ ಕಾರು ಎಲ್ಲಿದೆ? ಟೂವೀಲರ್ ಅರ್ಧ ಕಾರಿಗೆ ಸಮ, ಆಟೊ 1.2, ಬಸ್ 2.2 ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಪಟ್ಟಿಯಲ್ಲಿರುವ ಚಿಕ್ಕ ಅಂಕಿಗಳನ್ನು ಇಟ್ಟುಕೊಂಡೆ. ಆ ಪಟ್ಟಿ ಸಿಗ್ನಲ್ಲಿಗಾಗಿ ಮಾಡಿದ್ದಲ್ಲ, ಆದರೂ ಹೋಲಿಸಿ ನೋಡೋಣ ಅಂತ ಮೇಲಿನ ಸಿಗ್ನಲ್ ಎದುರು ಕಾಂಡಿಮೆಂಟ್ಸ್ ಅಂಗಡಿಯ ಸ್ಟೂಲಿನ ಮೇಲೆ ಕೂತು, ಕೈಯಲ್ಲಿ ಎಣಿಸುವ ಕ್ಲಿಕ್ಕರ್ ಹಿಡಿದು, ಇಬ್ಬರೂ ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ ಎಣಿಸಿದೆವು. ಒಂದು 38 ಸೆಕೆಂಡಿನ ಹಸಿರಿನಲ್ಲಿ 34 ಟೂವೀಲರ್, 11 ಕಾರು, 6 ಆಟೊ, 1 ಬಸ್. ಕೂಡಿದರೆ 37.4. ಏಳು ಮೀಟರ್ ಅಗಲಕ್ಕೆ ಸೂತ್ರ ಹೇಳುವುದು ಸುಮಾರು 39. ಅರವತ್ತು ವರ್ಷಕ್ಕೂ ಹಳೆಯದಾದ ಬ್ರಿಟಿಷ್ ಸೂತ್ರ ನಮ್ಮ ರಸ್ತೆಯಲ್ಲಿ ಇಷ್ಟು ಹತ್ತಿರ ಬಂದಿದ್ದು ನೋಡಿ ನನಗೇ ನಗು ಬಂತು. ಪ್ರತಿ ಸಲವೂ ಹೀಗೆ ಬರಲಿಲ್ಲ, ನಡುವೆ ಒಂದು ನೀರಿನ ಟ್ಯಾಂಕರ್ ಬಂದರೆ ಎಲ್ಲ ಎಕ್ಕುಟ್ಟಿ ಹೋಗುತ್ತೆ.

ಇನ್ನೊಂದು ತೊಂದರೆ, ಪೊಲೀಸರು ಸ್ವಿಚ್ ಕೈಗೆ ತೆಗೆದುಕೊಂಡ ಸಮಯ. ಆಗ ಒಂದೊಂದು ಸುತ್ತು ನಾಲ್ಕು ನಿಮಿಷ. ನನ್ನ ಲೆಕ್ಕಕ್ಕೆ ಅದು ಕಸ, ಆದರೆ ಅವರನ್ನು ಬೈಯಲಾರೆ. ಆಂಬುಲೆನ್ಸ್ ಬರುತ್ತಿದೆ ಅಂತ ವೈರ್‌ಲೆಸ್ಸಿನಲ್ಲಿ ಹೇಳುತ್ತಾರೆ, ಮುಂದಿನ ಜಂಕ್ಷನ್‌ನ ಸಾಲು ಇಲ್ಲಿವರೆಗೆ ಬಂದಿರುತ್ತೆ, ಆಗ ಮಿಷಿನ್ ನಂಬಿ ಕೂರಲು ಆಗುತ್ತಾ. ಆ ಸುತ್ತುಗಳನ್ನು ತೆಗೆದುಹಾಕಿದೆ.

ಮೇಲಿನದು ನಾಲ್ಕು ರಸ್ತೆ, ನಾಲ್ಕು ಸರದಿ. ಸರದಿಗೆ 4 ಸೆಕೆಂಡಿನಂತೆ 16 ಸೆಕೆಂಡ್ ವ್ಯರ್ಥ. ಭಾರ 0.75 ಬಂತು. ಸೂತ್ರಕ್ಕೆ ಹಾಕಿದರೆ 116 ಸೆಕೆಂಡ್. ಅಂದರೆ 130ಕ್ಕಿಂತ 120 ಹತ್ತಿರ! ಕೆಳಗಿನದು ಮೂರು ರಸ್ತೆ, ಮೂರು ಸರದಿ, ಭಾರ 0.65. ಅದಕ್ಕೆ ಬಂದದ್ದು 66.

ಸುತ್ತು ಉದ್ದ ಮಾಡಿದರೆ ಜಾಸ್ತಿ ವಾಹನ ಹೋಗುತ್ತೆ ಅಂತ ಎಲ್ಲರೂ ನಂಬುತ್ತಾರೆ, ನಾನೂ ನಂಬಿದ್ದೆ. ಲೆಕ್ಕ ನೋಡಿ. 120ರಲ್ಲಿ 16 ವ್ಯರ್ಥ ಅಂದರೆ ನೂರಕ್ಕೆ 13. ಮೂರು ನಿಮಿಷದ ಸುತ್ತು ಮಾಡಿದರೆ ವ್ಯರ್ಥ ನೂರಕ್ಕೆ 9. ಇಡೀ ಒಂದು ನಿಮಿಷ ಎಳೆದು ಉಳಿಸಿದ್ದು ನೂರಕ್ಕೆ ನಾಲ್ಕು. ಅದಕ್ಕೆ ಬದಲಾಗಿ ಎಲ್ಲರ ಕೆಂಪೂ ಉದ್ದವಾಯಿತು, ಸಾಲು ಹಿಂದಿನ ಕ್ರಾಸಿನವರೆಗೆ ಬೆಳೆದು ಅಲ್ಲಿಯವರೂ ಸಿಕ್ಕಿಕೊಂಡರು.

ಕೆಳಗಿನದಕ್ಕೆ 66 ಬಂದಿದ್ದರಿಂದ ಅಕ್ಕನ ಮಗಳಿಗೆ ಒಂದು ಆಸೆ ಹುಟ್ಟಿತು. ಮೇಲೆ 120, ಕೆಳಗೆ 60 ಇಟ್ಟರೆ ಒಂದಕ್ಕೆ ಎರಡು ಸರಿಯಾಗಿ ಕೂಡುತ್ತೆ, ಕಾಯುವುದೂ ಅರ್ಧ. ಚೆನ್ನಾಗಿದೆ ಅನ್ನಿಸಿತು. ಆಮೇಲೆ ಕಿಟಕಿಯಿಂದ ರಸ್ತೆ ದಾಟುವವರನ್ನು ನೋಡಿದೆ. ಮುಖ್ಯ ರಸ್ತೆ 14 ಮೀಟರ್. ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂತ ಪುಸ್ತಕದ ಲೆಕ್ಕ, ಆಗ 12 ಸೆಕೆಂಡ್ ಸಾಕು. ಆದರೆ ದೇವಸ್ಥಾನಕ್ಕೆ ಹೋಗುವ ಅಜ್ಜಿಯಂದಿರು ಪುಸ್ತಕ ಓದಿ ನಡೆಯುವುದಿಲ್ಲ. ಕೆಲವರನ್ನು ಅಳೆದೆ, ಸೆಕೆಂಡಿಗೆ 0.9 ಮೀಟರ್. ಹೊರಡಲು 5 ಸೆಕೆಂಡ್ ಸೇರಿಸಿದರೆ 21. ಅವರು ದಾಟುವುದು ಅಡ್ಡರಸ್ತೆಗೆ ಹಸಿರಿದ್ದಾಗ, ಅರವತ್ತರ ಸುತ್ತಿನಲ್ಲಿ ಅಡ್ಡರಸ್ತೆಗೆ ಸಿಗುವುದೇ 14 ಸೆಕೆಂಡ್. ಆಸೆ ಅಲ್ಲಿಗೇ ಬಿಟ್ಟೆವು. ಎರಡೂ 120 ಅಂತ ತೀರ್ಮಾನ.

ಎಣಿಸುವಾಗ ಕಣ್ಣಿಗೆ ಬಿದ್ದ ಇನ್ನೊಂದು ವಿಷಯ ಖಾಲಿ ಹಸಿರು. ಕೆಳಗಿನ ಅಡ್ಡರಸ್ತೆಗೆ 30 ಸೆಕೆಂಡ್ ಹಸಿರಿದೆ, ಬೆಳಿಗ್ಗೆ ಅಲ್ಲಿಯ ಸಾಲು 14 ಸೆಕೆಂಡಿಗೆ ಮುಗಿಯುತ್ತೆ. ಉಳಿದ 16 ಸೆಕೆಂಡ್ ದೀಪ ಯಾರಿಗೂ ಇಲ್ಲದೆ ಉರಿಯುತ್ತೆ, ಮುಖ್ಯ ರಸ್ತೆಯಲ್ಲಿ ನೂರು ಜನ ಅದನ್ನೇ ನೋಡುತ್ತಾ ನಿಂತಿರುತ್ತಾರೆ. ಗಂಟೆಗೆ 30 ಸುತ್ತು, ಒಟ್ಟು 8 ನಿಮಿಷ. ಇದನ್ನು ಕಂಡುಹಿಡಿಯಲು ಡಬ್ಬಿಯೂ ಬೇಡ, ಪೆನ್ಸಿಲ್ ಸಾಕು. ಅಜ್ಜಿಯಂದಿರಿಗೆ 22 ಬಿಟ್ಟು ಉಳಿದ 8 ಸೆಕೆಂಡನ್ನು ಮುಖ್ಯ ರಸ್ತೆಗೆ ಕೊಡಬಹುದು, 50 ಇದ್ದದ್ದು 58 ಆಗುತ್ತೆ.

ಮೇಜಿನ ಮೇಲಿನ ರಸ್ತೆ

ಈ ಹಾಳೆಗಳನ್ನು ಹಿಡಿದುಕೊಂಡು ಠಾಣೆಗೆ ಹೋದರೆ ಯಾರು ಓದುತ್ತಾರೆ? ಪ್ಲೈವುಡ್ ಹಲಗೆ ಮೇಲೆ ಒಂದು ಮೀಟರ್ ಎಲ್‌ಇಡಿ ಪಟ್ಟಿ ಅಂಟಿಸಿದೆ, 60 ದೀಪ, ಒಂದು ದೀಪಕ್ಕೆ 7 ಮೀಟರ್ ರಸ್ತೆ. ಎರಡು ತುದಿಗೂ ಕೆಂಪು ಹಳದಿ ಹಸಿರು ಇಟ್ಟು, ಎಲ್ಲವನ್ನೂ ಹತ್ತು ಪಟ್ಟು ಬೇಗ ಓಡಿಸಿದೆ. ಮೇಲೆ 13 ಸೆಕೆಂಡಿನ ಸುತ್ತು, ಕೆಳಗೆ 12. ಬಿಳಿ ಚುಕ್ಕೆಗಳು ವಾಹನ. ಒಂದು ಬಟನ್ ಒತ್ತಿದರೆ ಎರಡೂ 12 ಆಗುತ್ತೆ.

ಸಬ್ ಇನ್‌ಸ್ಪೆಕ್ಟರ್ ಮೊದಲು ಸುಮ್ಮನೆ ನೋಡಿದರು. ಚುಕ್ಕೆಗಳು ಓಡಿ ಬಂದು ಕೆಳಗೆ ಗುಡ್ಡೆ ಬೀಳುವುದು ಎರಡು ಮೂರು ಸಲ ಆದಮೇಲೆ, "ಇದು ನಮ್ಮ ಸಿಗ್ನಲ್ಲೇ ಅಲ್ವಾ ಸಾರ್, ದಿನಾ ನೋಡ್ತೀನಿ ಇದನ್ನ" ಅಂದರು. ಬಟನ್ ಒತ್ತಿದೆ. ಚುಕ್ಕೆಗಳು ನಿಲ್ಲದೆ ಹೋದವು. ಅವರು ಕೇಳಿದ ಮೊದಲ ಪ್ರಶ್ನೆ, "ಜನ ದಾಟೋದಕ್ಕೆ ಎಷ್ಟು ಬಿಟ್ಟಿದೀರಿ?" ನನಗೆ ಖುಷಿಯಾಯಿತು, ಉತ್ತರ ಇತ್ತು. ಎರಡನೆಯದು, "ಖರ್ಚೆಷ್ಟು?" ಅದಕ್ಕೂ ಇತ್ತು, ಸೊನ್ನೆ. ಸಿಗ್ನಲ್ ಕಂಟ್ರೋಲರಿನಲ್ಲಿ ಅಂಕಿ ಬದಲಿಸಿದರೆ ಸಾಕು. ಗೂಗಲ್‌ನವರ ಗ್ರೀನ್ ಲೈಟ್ ಅನ್ನುವ ಯೋಜನೆಯಲ್ಲೂ ಬೆಂಗಳೂರಿನ ಹೆಸರಿದೆ, ಅದೂ ಹೀಗೆ ಹೊಸ ಯಂತ್ರ ಹಾಕದೆ, ಮ್ಯಾಪ್ಸಿನಿಂದ ಸಿಗುವ ಓಡಾಟದ ಮಾಹಿತಿ ನೋಡಿ ಸಮಯ ಬದಲಿಸಲು ಸಲಹೆ ಕೊಡುವ ಕೆಲಸ. ಆದರೆ ಅಂಕಿ ಬದಲಿಸುವುದು ಠಾಣೆಯವರ ಕೈಯಲ್ಲೂ ಇಲ್ಲ. ಅರ್ಜಿ, ಸಹಿ, ಓಡಾಟ ಎಲ್ಲ ಆಗಿ ಸಿಗ್ನಲ್ ನೋಡಿಕೊಳ್ಳುವ ಟೆಕ್ನೀಷಿಯನ್ ಬರಲು ಎರಡು ತಿಂಗಳು ಹಿಡಿಯಿತು. ಆ ಭಾಗ ಬರೆಯಲು ನನಗೆ ಬೇಜಾರು, ಓದಲು ನಿಮಗೂ.

ರಸ್ತೆಯ ಮೇಲೆ

ಬೆಳಿಗ್ಗೆ 7ರಿಂದ 12ರ ಪ್ಲಾನ್ ಮಾತ್ರ ಬದಲಿಸುವುದು ಅಂತ ಒಪ್ಪಿಗೆಯಾಯಿತು. ಮೇಲೆ 130ನ್ನು 120 ಮಾಡಿದರು, ಕೆಳಗೆ ಬರುವ ಕಡೆಗೆ 38 ಇದ್ದ ಹಸಿರು 36 ಆಯಿತು. ಕೆಳಗೆ ಅಡ್ಡರಸ್ತೆ 22, ಮುಖ್ಯ ರಸ್ತೆ 58. ಉಳಿದದ್ದು ಅಂತರ, ಮೇಲೆ ಹಸಿರು ಬಿಟ್ಟ ಎಷ್ಟು ಸೆಕೆಂಡಿಗೆ ಕೆಳಗೆ ಬಿಡಬೇಕು ಅನ್ನುವುದು. ಸ್ಕೂಟರಿನಲ್ಲಿ ಗುಂಪಿನ ಮುಂದೆ ಹತ್ತು ಸಲ ಓಡಿಸಿ ನೋಡಿದ್ದೆ, 420 ಮೀಟರಿಗೆ 56 ಸೆಕೆಂಡ್, ಗಂಟೆಗೆ 27 ಕಿಲೋಮೀಟರ್. ಹಾಗಾಗಿ 56 ಹಾಕಿ ಅಂದೆ.

ಮೊದಲ ದಿನ ಕಿಟಕಿಯಲ್ಲಿ ನಿಂತು ನೋಡಿದರೆ ಹೊಟ್ಟೆ ಉರಿಯಿತು. ಗುಂಪು ಸರಿಯಾಗಿ 56ಕ್ಕೆ ಬಂತು, ಹಸಿರೂ ಸರಿಯಾಗಿ ಬಿತ್ತು, ಆದರೂ ಎಲ್ಲರೂ ಬ್ರೇಕ್ ಹಾಕಿದರು. ಯಾಕೆಂದರೆ ಗೆರೆಯ ಹತ್ತಿರ ಮೊದಲೇ ಒಂದು ಸಾಲು ನಿಂತಿತ್ತು. ಮೇಲಿನ ಜಂಕ್ಷನ್‌ನ ಅಡ್ಡರಸ್ತೆಯಿಂದ ತಿರುಗಿ ಬಂದವರು, ನಡುವಿನ ಕ್ರಾಸುಗಳಿಂದ ಸೇರಿಕೊಂಡವರು. ಅವರು ಕದಲಲು 16 ಸೆಕೆಂಡ್ ಬೇಕು. ಮೇಜಿನ ಮೇಲಿನ ರಸ್ತೆಯಲ್ಲಿ ನಾನು ಕ್ರಾಸುಗಳನ್ನೇ ಇಟ್ಟಿರಲಿಲ್ಲ! ಬರುವ ಗುಂಪಿಗಿಂತ ಮೊದಲೇ ಅವರನ್ನು ಕಳಿಸಬೇಕು, ಹಾಗಾಗಿ 56ರಲ್ಲಿ 16 ಕಳೆದು 40. ಟೆಕ್ನೀಷಿಯನ್‌ಗೆ ಮತ್ತೆ ಫೋನ್ ಮಾಡಲು ನಾಚಿಕೆಯಾಯಿತು, ಮಾಡಿದೆ, ಬೈಯದೆ ಬಂದರು.

ನಲವತ್ತು ಹಾಕಿದ ಮೇಲೆ ಕೆಲಸ ಮಾಡಿತು. ಕೆಳಗೆ 40ರಿಂದ 98ರವರೆಗೆ ಹಸಿರು, ಗುಂಪಿನ ತಲೆ 56ಕ್ಕೆ, ಬಾಲ 92ಕ್ಕೆ. ಮೊದಲು ಬೆಳಗಿನ ಹೊತ್ತು 24 ಸಲ ಓಡಿಸಿದ್ದರಲ್ಲಿ 9 ಸಲ ಮಾತ್ರ ನಿಲ್ಲದೆ ದಾಟಿದ್ದೆ, ಈಗ 24ರಲ್ಲಿ 20. ಇದು ಒಬ್ಬನ ಸ್ಕೂಟರಿನ ಲೆಕ್ಕ, ದೊಡ್ಡ ಸಂಶೋಧನೆ ಅಲ್ಲ. ಆದರೆ ಕಾಂಡಿಮೆಂಟ್ಸ್ ಅಂಗಡಿಯವರು ಏನೂ ಕೇಳದೆಯೇ, "ಏನ್ರೀ, ಬೆಳಿಗ್ಗೆ ಹಾರನ್ ಕಡಿಮೆ ಆಗಿದೆ" ಅಂದರು.

ಎಲ್ಲರಿಗೂ ಒಳ್ಳೆಯದಾಗಲಿಲ್ಲ. ನಡುವೆ ಬಸ್ ಸ್ಟಾಪ್ ಇದೆ. ಜನ ಜಾಸ್ತಿ ಇದ್ದು ಮುಕ್ಕಾಲು ನಿಮಿಷ ನಿಂತ ಬಿಎಂಟಿಸಿ ಬಸ್ ಗುಂಪಿನಿಂದ ಹಿಂದೆ ಬಿದ್ದು 98 ದಾಟಿ ಬರುತ್ತೆ, ಅದಕ್ಕೆ ಕೆಂಪೇ ಗತಿ. ಅರವತ್ತು ಜನ ಇರುವ ಬಸ್ ನಿಂತು, ಒಬ್ಬೊಬ್ಬರೇ ಕೂತ ಕಾರುಗಳು ಸುಯ್ಯನೆ ಹೋಗುವುದನ್ನು ನೋಡಿದರೆ ನಾನು ಯಾರಿಗೆ ಉಪಕಾರ ಮಾಡಿದೆ ಅನ್ನಿಸುತ್ತೆ. ಸ್ಟಾಪನ್ನು ಸಿಗ್ನಲ್ ದಾಟಿದ ಮೇಲೆ ಹಾಕಿದರೆ ಇದು ಬಹಳಷ್ಟು ಸರಿಯಾಗುತ್ತೆ, ಅದು ಬೇರೆ ಅರ್ಜಿ. ಹಾಗೇ ಕೆಳಗಿನಿಂದ ಮೇಲೆ ಹೋಗುವವರು ಈಗ ಮೇಲಿನ ಸಿಗ್ನಲ್ಲಿನಲ್ಲಿ 64 ಸೆಕೆಂಡ್ ಕಾಯುತ್ತಾರೆ, ಪ್ರತಿ ಸಲ. ಬೆಳಿಗ್ಗೆ ಆ ಕಡೆ ವಾಹನ ಕಡಿಮೆ ಅಂತ ಒಪ್ಪಿಕೊಂಡ ನಷ್ಟ ಅದು. ಸಂಜೆ ಉಲ್ಟಾ, ಅದಕ್ಕೇ ಸಂಜೆ ಪ್ಲಾನ್ ಮುಟ್ಟಿಲ್ಲ. ಕಾಗದದ ಮೇಲೆ ಅಂತರ ಸೊನ್ನೆಯ ಹತ್ತಿರ ಬರುತ್ತಿದೆ, ಆದರೆ ಮೇಲಿನ ಹಸಿರನ್ನೂ ಉದ್ದ ಮಾಡಬೇಕಾಗುತ್ತೆ, ಎಣಿಕೆ ಇನ್ನೂ ಮುಗಿದಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನಾನೇ ಕೆಂಪಿಗೆ ಸಿಕ್ಕಿದೆ. ಮರುದಿನವೂ. ಡಬ್ಬಿ ತೆರೆದು ನೋಡಿದರೆ ಅಂತರ 40 ಇದ್ದದ್ದು 54 ಆಗಿದೆ. ಎರಡು ಕಂಟ್ರೋಲರಿನ ಒಳಗಿನ ಗಡಿಯಾರಗಳು ಒಂದೇ ವೇಗದಲ್ಲಿ ಓಡುತ್ತಿಲ್ಲ, ದಿನಕ್ಕೆ ಸೆಕೆಂಡಿನ ಮೂರನೇ ಎರಡು ಪಾಲು ಜಾರುತ್ತಿವೆ. ಕೈಗಡಿಯಾರಕ್ಕೆ ಇದು ಏನೂ ಅಲ್ಲ. ಇಲ್ಲಿ ಮೂರು ವಾರದಲ್ಲಿ ಎಲ್ಲ ಕೆಲಸ ನೀರುಪಾಲು. ಕಂಟ್ರೋಲರಿಗೆ ಜಿಪಿಎಸ್ ಗಡಿಯಾರ ಸೇರಿಸಿದರೆ ಶಾಶ್ವತವಾಗಿ ಮುಗಿಯುತ್ತೆ, ಮಾಡ್ಯೂಲ್ ಕೆಲವು ನೂರು ರೂಪಾಯಿಯದ್ದು, ಆದರೆ ಆ ಪೆಟ್ಟಿಗೆಯೊಳಗೆ ಹೊಸ ವಸ್ತು ಹಾಕುವುದಕ್ಕೆ ಒಪ್ಪಿಗೆ ಸಿಗುವುದು ಸುಲಭವಲ್ಲ.

ಅಲ್ಲಿವರೆಗೆ ಒಂದು ಉಪಾಯ ಮಾಡಿದ್ದೇವೆ. ಜಾರುವುದು ಒಂದೇ ದಿಕ್ಕಿಗೆ, ಹೆಚ್ಚು ಕಡಿಮೆ ಒಂದೇ ವೇಗದಲ್ಲಿ. ಹಾಗಾಗಿ 40ಕ್ಕೆ ಇಡುವ ಬದಲು 36ಕ್ಕೆ ಇಡುವುದು, ಎರಡು ವಾರದಲ್ಲಿ ಅದು ತಾನೇ 45ಕ್ಕೆ ಬರುತ್ತೆ, ಆಗ ಟೆಕ್ನೀಷಿಯನ್ ಬೇರೆ ಕೆಲಸಕ್ಕೆ ಈ ಕಡೆ ಬಂದಾಗ ಮತ್ತೆ 36 ಮಾಡಿ ಹೋಗುವುದು. ಮನೆಯ ಇನ್ವರ್ಟರ್ ಬ್ಯಾಟರಿಗೆ ಆಗಾಗ ನೀರು ಹಾಕಿದ ಹಾಗೆ. ಕಳೆದ ಶನಿವಾರ ಡಬ್ಬಿ 41 ತೋರಿಸಿತು. ಬರುವ ಶನಿವಾರ ಅವರು ಬರುತ್ತಾರೆ, ಬೈಟೂ ಕಾಫಿ ನನ್ನ ಲೆಕ್ಕ.